ಸಿರಿಭೂವಲಯದ ಓದು ಮತ್ತು ಅನುಕ್ರಮ ವಿಶ್ಲೇಷಣೆಯ ನ್ಯಾಯ

ಕುಮುದೇಂದು ಮುನಿಯ ಹೆಸರಿನಲ್ಲಿ ಪ್ರಸಿದ್ಧವಾದ ಸಿರಿಭೂವಲಯವು ಪಂಡಿತ ಯಲ್ಲಪ್ಪ ಶಾಸ್ತ್ರಿಗಳ ಸಂಗ್ರಹದಿಂದ ಬೆಳಕಿಗೆ ಬಂದು, ಕರ್ಲಮಂಗಲಂ ಶ್ರೀಕಂಠಯ್ಯನವರ ಪರಿಶ್ರಮದಿಂದ ಅದರ ಒಂದು ಭಾಗ 1953ರಲ್ಲಿ ಅಚ್ಚಾದಂದಿನಿಂದ ಅದರ ವಿಷಯದಲ್ಲಿ ಎರಡು ಪಕ್ಷಗಳು ನಡೆದುಬಂದಿವೆ. ಒಂದು ಪಕ್ಷಕ್ಕೆ ಅದು ಅಣುವಿಜ್ಞಾನ ವಿಮಾನಶಾಸ್ತ್ರಗಳನ್ನೂ ಒಳಗೊಂಡ ಸಕಲ ವಿದ್ಯೆಗಳ ಭಂಡಾರ. ಇನ್ನೊಂದು ಪಕ್ಷಕ್ಕೆ ಅದು ವಿದ್ವಾಂಸರು ಕಾಲ ವ್ಯಯಿಸಲು ತಕ್ಕುದೇ ಅಲ್ಲ. ಇವೆರಡೂ ಆತುರದ ತೀರ್ಮಾನಗಳೆಂದು ನಮ್ಮ ಅಭಿಪ್ರಾಯ. ಮೊದಲು ಕೇಳಬೇಕಾದ ಪ್ರಶ್ನೆ, ಗ್ರಂಥದಲ್ಲಿ ಏನಿದೆ ಎಂಬುದಲ್ಲ. ಒಂದು ಸಾಲಿನಲ್ಲಿ ಕಂಡುದು ಅಲ್ಲಿ ಇಟ್ಟುದೋ, ನಾವು ಹುಡುಕಿದುದರಿಂದ ಹುಟ್ಟಿದುದೋ ಎಂಬುದು. ಜೀವವಿಜ್ಞಾನಿಗಳೂ ಗಣಿತಜ್ಞರೂ ಈ ಪ್ರಶ್ನೆಯನ್ನು ಕಳೆದ ಅರ್ಧ ಶತಮಾನದಲ್ಲಿ ಚೆನ್ನಾಗಿ ಮಥಿಸಿದ್ದಾರೆ. ಕನ್ನಡ ವಿಮರ್ಶೆ ಅವರಿಂದ ಕಡ ತರಬಹುದಾದುದು ಇದೆ.

ಗ್ರಂಥದ ರಚನೆ ವಿದಿತವಾದುದೇ. ಅದು ಅಕ್ಷರಗಳಲ್ಲಿಲ್ಲ, ಅಂಕಗಳಲ್ಲಿದೆ. ಒಂದೊಂದು ಚಕ್ರದಲ್ಲಿ 27 ಸಾಲು, 27 ಕಂಬ, ಒಟ್ಟು 729 ಮನೆಗಳು. ಮನೆಗಳಲ್ಲಿ 1ರಿಂದ 64ರವರೆಗಿನ ಅಂಕಗಳು. ಸ್ವರ 27, ವರ್ಗೀಯ ವ್ಯಂಜನ 25, ಅವರ್ಗೀಯ 8, ಯೋಗವಾಹ 4, ಹೀಗೆ 64 ವರ್ಣಗಳಿಗೆ ಒಂದೊಂದು ಅಂಕ. ಮನೆಯಿಂದ ಮನೆಗೆ ಹಾಯುವ ನಡೆಗೆ ಬಂಧವೆಂದು ಹೆಸರು. ಚಕ್ರಬಂಧ, ಹಂಸಬಂಧ, ಮಯೂರಬಂಧ ಮೊದಲಾದ ಹಲವು ಬಂಧಗಳುಂಟು. ಚಕ್ರಬಂಧದಲ್ಲಿ ನಡೆದರೆ ಕನ್ನಡದ ಸಾಂಗತ್ಯ ಪದ್ಯಗಳು ದೊರೆಯುತ್ತವೆ. ಆ ಪದ್ಯಗಳ ಮೊದಲಕ್ಷರಗಳನ್ನು ಮೇಲಿನಿಂದ ಕೆಳಕ್ಕೆ ಓದಿದರೆ ಪ್ರಾಕೃತ, ನಡುವಿನ ಅಕ್ಷರಗಳನ್ನು ಓದಿದರೆ ಸಂಸ್ಕೃತ. ಗ್ರಂಥವು ತನ್ನಲ್ಲಿ 718 ಭಾಷೆಗಳಿವೆಯೆಂದು ಹೇಳಿಕೊಳ್ಳುತ್ತದೆ.

ತೊಡಕು ಇರುವುದು ಬಂಧಗಳ ಬಹುತ್ವದಲ್ಲಿ. 729 ಮನೆಗಳನ್ನು ಯಾವ ಕ್ರಮದಲ್ಲಾದರೂ ಓದಬಹುದೆಂದರೆ, ಆ ಕ್ರಮಗಳ ಎಣಿಕೆ 1,700ಕ್ಕೂ ಮಿಕ್ಕ ಅಂಕಿಗಳ ಸಂಖ್ಯೆಯಾಗುತ್ತದೆ. ಅಷ್ಟು ದೂರ ಹೋಗುವುದು ಬೇಡ. ಸಮಾನ ಹೆಜ್ಜೆಯಲ್ಲಿ ಮಾತ್ರ ನಡೆಯಬೇಕು, ಅಂಚು ದಾಟಿದರೆ ಎದುರಂಚಿಗೆ ಬರಬೇಕು ಎಂದು ಕಟ್ಟುನಿಟ್ಟು ಮಾಡೋಣ. ಹೊರಡುವ ಮನೆಗಳು 729, ಹೆಜ್ಜೆಯ ಬಗೆಗಳು 728. ಒಟ್ಟು 5,30,712 ದಾರಿಗಳು. ಈಗ 'ಅಣು' ಎಂಬ ಮಾತನ್ನು ತೆಗೆದುಕೊಳ್ಳಿ. ಅಕಾರ, ಣಕಾರ, ಉಕಾರ, ಮೂರು ವರ್ಣ. ಎಲ್ಲ ವರ್ಣಗಳೂ ಸಮವಾಗಿ ಬರುವುವೆಂದು ಹಿಡಿದರೆ, ಒಂದು ದಾರಿಯಲ್ಲಿ ಈ ಮೂರೂ ಅದೇ ಕ್ರಮದಲ್ಲಿ ಸಿಕ್ಕುವ ಸಂಭವ 64ರ ಘನಕ್ಕೆ ಒಂದು, ಎಂದರೆ 2,62,144ಕ್ಕೆ ಒಂದು. ಆದುದರಿಂದ ಅಂಕಗಳನ್ನು ಕಣ್ಣು ಮುಚ್ಚಿ ತುಂಬಿದ ಪ್ರತಿಯೊಂದು ಚಕ್ರದಲ್ಲಿಯೂ 'ಅಣು' ಸರಾಸರಿ ಎರಡು ಸಲ ದೊರೆಯಲೇಬೇಕು. ಕನ್ನಡದಲ್ಲಿ ಅಕಾರ ಹೆಚ್ಚು, ಣಕಾರ ಕಡಿಮೆ. ಲೆಕ್ಕ ಸ್ವಲ್ಪ ಏರಿಳಿಯುತ್ತದೆ, ತತ್ತ್ವ ಬದಲಾಗದು. ಅಣುವನ್ನು ಕಂಡೆವೆಂದು ಸಂಭ್ರಮಿಸುವವರು ಅದು ಸಿಕ್ಕದಿದ್ದರೆ ಆಶ್ಚರ್ಯಪಡಬೇಕಾಗಿತ್ತು!

ರಬಕವಿ-ಬನಹಟ್ಟಿಯ ನೇಕಾರನು ಹಾಸು ಹೂಡುವ ಮೊದಲೇ ಎಳೆಗಳ ಕ್ರಮವನ್ನು ಗೊತ್ತುಮಾಡಿಕೊಳ್ಳುತ್ತಾನೆ. ನೇಯ್ದಾದ ಮೇಲೆ ಎಲ್ಲಿಯೋ ಬಿದ್ದ ಕಲೆಯನ್ನು ತೋರಿಸಿ ಇದೇ ನಾನು ಎಣಿಸಿದ ಚಿತ್ತಾರವೆಂದರೆ ಪೇಟೆಯಲ್ಲಿ ಕೊಳ್ಳುವವರಿಲ್ಲ.

ಜೀವಕೋಶದ ಡಿ.ಎನ್.ಎ. ಲಿಪಿಯನ್ನು ಓದುವಲ್ಲಿಯೂ ಇದೇ ಸಮಸ್ಯೆಯಿದೆ. ಅಲ್ಲಿ ನಾಲ್ಕು ಅಕ್ಷರ. ಮೂರು ಮೂರಾಗಿ ಓದಿದರೆ 64 ತ್ರಿಕಗಳು. ಎಲ್ಲಿಂದ ಎಣಿಸತೊಡಗಬೇಕೆಂಬುದು ಗೊತ್ತಿಲ್ಲದಿದ್ದರೆ ಎರಡು ಎಳೆಗಳಲ್ಲಿ ಕೂಡಿ ಆರು ಓದುಗಳು ಸಾಧ್ಯ. ತ್ರಿಕಗಳಲ್ಲಿ ಮೂರು ವಿರಾಮ ಚಿಹ್ನೆಗಳು. ಅರ್ಥವಿಲ್ಲದ ಸಾಲಿನಲ್ಲಿ ಗೊತ್ತಾದ ಒಂದು ಸ್ಥಾನದಿಂದ 100 ತ್ರಿಕಗಳವರೆಗೆ ವಿರಾಮವೇ ಬಾರದಿರುವ ಸಂಭವ ಸಾವಿರಕ್ಕೆ ಎಂಟರಷ್ಟು. ಹೀಗೆ ಆಕಸ್ಮಿಕದ ಅಳತೆಯನ್ನು ಮೊದಲು ಹಿಡಿದು, ಬಳಿಕ ಕಂಡುದನ್ನು ಅದರೊಡನೆ ತೂಗುವುದೇ ಅಲ್ಲಿನ ರೀತಿ. 1990ರಲ್ಲಿ ಬಂದ ಬ್ಲಾಸ್ಟ್ ಎಂಬ ಹುಡುಕುವ ವಿಧಾನವು ಪ್ರತಿಯೊಂದು ಹೋಲಿಕೆಯ ಜೊತೆಗೆ, ಇಷ್ಟು ದೊಡ್ಡ ಸಂಗ್ರಹದಲ್ಲಿ ಇಂಥ ಹೋಲಿಕೆ ಕೇವಲ ಆಕಸ್ಮಿಕವಾಗಿ ಎಷ್ಟು ಸಿಕ್ಕಬಹುದಾಗಿತ್ತೆಂಬ ಸಂಖ್ಯೆಯನ್ನೂ ಹೇಳುತ್ತದೆ. ಸಂಗ್ರಹ ಬೆಳೆದಂತೆ ಅದೇ ಹೋಲಿಕೆಯ ಬೆಲೆ ಇಳಿಯುತ್ತದೆ. 1970ರಲ್ಲಿ ನೀಡಲ್‌ಮನ್ ಮತ್ತು ವುನ್ಶ್ ರೂಪಿಸಿದ ಜೋಡಣೆಯ ವಿಧಾನದಲ್ಲಿ, ಎರಡು ಸಾಲುಗಳು ಹೊಂದಲೆಂದು ನಡುವೆ ಬಿಟ್ಟ ತೆರಪಿಗೆ ದಂಡ ಕಟ್ಟುವ ಏರ್ಪಾಡಿದೆ. ನಮ್ಮ ಭೂವಲಯದ ಓದುಗರು ಅಕ್ಷರವನ್ನು ತಿದ್ದಿದಾಗ, ಹ್ರಸ್ವವನ್ನು ದೀರ್ಘ ಮಾಡಿದಾಗ, ಒಂದು ಮನೆಯನ್ನು ಹಾರಿದಾಗ ತೆತ್ತ ದಂಡವೆಷ್ಟು? ಲಿಪಿಕಾರನ ತಪ್ಪೆಂದು ಹೇಳಿ ಮುಂದೆ ಸಾಗುವುದು ಸುಲಭ. ತಿದ್ದುಪಡಿಗಳ ಎಣಿಕೆಯನ್ನು ಪುಟದ ಕೆಳಗೆ ಕೊಡದ ಓದನ್ನು ಪ್ರಮಾಣವೆಂದು ಒಪ್ಪಲಾಗದು.

ಹಾಗೆಂದು ಎಲ್ಲವನ್ನೂ ತಳ್ಳಿಹಾಕುವವರ ಮಾತೂ ನಿಲ್ಲುವುದಿಲ್ಲ. ಚಕ್ರಬಂಧದ ನಡೆ ನಿಯತವಾದುದು. ಪದ್ಯದ ಮೊದಲಕ್ಷರವೆಂಬುದೂ ಓದುಗನು ಬೇಕಾದಂತೆ ಆರಿಸಿಕೊಳ್ಳುವ ಸ್ಥಾನವಲ್ಲ. ಅಲ್ಲಿ ಗಾಹೆಯೊಂದು ಉದ್ದಕ್ಕೂ ದೊರೆತರೆ ಅದನ್ನು ಆಕಸ್ಮಿಕವೆನ್ನುವುದು ಲೆಕ್ಕಕ್ಕೆ ವಿರುದ್ಧ. ಒಂದೇ ಸಾಲಿನಲ್ಲಿ ಎರಡು ಓದುಗಳಿರುವುದು ಅಸಂಭವವೂ ಅಲ್ಲ: 1977ರಲ್ಲಿ ಸ್ಯಾಂಗರ್ ಮತ್ತು ಸಂಗಡಿಗರು ಫೈ-ಎಕ್ಸ್-174 ಎಂಬ ವೈರಸಿನ ಪೂರ್ತಿ ಪಾಠವನ್ನು ಪ್ರಕಟಿಸಿದಾಗ, ಅದೇ ಅಕ್ಷರಗಳನ್ನು ಒಂದು ಸ್ಥಾನ ಸರಿಸಿ ಓದಿದರೆ ಬೇರೊಂದು ಜೀನ್ ದೊರೆಯುವ ಎಡೆಗಳು ಕಂಡುಬಂದವು. ಅದನ್ನು ಲೋಕ ಒಪ್ಪಿದ್ದು ಬರಿಯ ಓದಿನ ಬಲದಿಂದಲ್ಲ. ಆ ಜೀನುಗಳ ಪ್ರೋಟೀನುಗಳೂ ವಿಕೃತಿಗಳೂ ಹೊರಗಿನಿಂದ ಸಾಕ್ಷ್ಯ ನೀಡಿದವು.

ಹೀಬ್ರೂ ಬೈಬಲಿನ ಆದಿಕಾಂಡದಲ್ಲಿ ಸಮಾನ ಹೆಜ್ಜೆಯ ಓದಿನಿಂದ ಪಂಡಿತರ ಹೆಸರುಗಳೂ ತಿಥಿಗಳೂ ಹತ್ತಿರ ಹತ್ತಿರ ದೊರೆಯುತ್ತವೆಂದು ವಿಟ್ಸ್‌ಟಮ್, ರಿಪ್ಸ್, ರೋಸೆನ್‌ಬರ್ಗ್ ಎಂಬುವರು 1994ರಲ್ಲಿ ಸಂಖ್ಯಾಶಾಸ್ತ್ರದ ಪತ್ರಿಕೆಯೊಂದರಲ್ಲಿ ಸಾಧಿಸಹೊರಟರು. 1999ರಲ್ಲಿ ಅದೇ ಪತ್ರಿಕೆಯಲ್ಲಿ ಮೆಕೇ ಮೊದಲಾದವರು, ಹೆಸರುಗಳ ಕಾಗುಣಿತವನ್ನು ಆರಿಸುವ ಸ್ವಾತಂತ್ರ್ಯವೊಂದಿದ್ದರೆ ಟಾಲ್‌ಸ್ಟಾಯ್ ಕಾದಂಬರಿಯ ಹೀಬ್ರೂ ಅನುವಾದದಲ್ಲಿಯೂ ಅದೇ ಪವಾಡವನ್ನು ತೋರಿಸಬಹುದೆಂದು ನಿರೂಪಿಸಿದರು. ನಮಗೂ ಅಂಥ ಹೋಲಿಕೆಯ ಪಠ್ಯ ಬೇಕು. ಜಮಖಂಡಿ-ಹುನ್ನೂರ ಸೀಮೆಯ ನೆರೆಯದೇ ಆದ ಮುದುವೊಳಲಿನ, ಎಂದರೆ ಇಂದಿನ ಮುಧೋಳದ, ರನ್ನನ ಗದಾಯುದ್ಧ ಇದೆಯಲ್ಲ! ಅದನ್ನು ಅದೇ 64 ಅಂಕಗಳಿಗೆ ತಿರುಗಿಸಿ, 729 ಮನೆಗಳ ಚಕ್ರಗಳಲ್ಲಿ ತುಂಬಿ, ಭೂವಲಯಕ್ಕೆ ಹಚ್ಚಿದ ಬಂಧಗಳನ್ನೆಲ್ಲ ಅದಕ್ಕೂ ಹಚ್ಚಬೇಕು. ಹುಡುಕುವ ಮಾತುಗಳ ಪಟ್ಟಿಯನ್ನೂ ಒಪ್ಪುವ ತಿದ್ದುಪಡಿಗಳನ್ನೂ ಮೊದಲೇ ಬರೆದಿಡಬೇಕು. ರನ್ನನಲ್ಲಿಯೂ ವಿಮಾನಶಾಸ್ತ್ರ ಅಷ್ಟೇ ದೊರೆತರೆ ಆ ವಾದ ಮುಗಿಯಿತು. ಭೂವಲಯದಲ್ಲಿ ಬಹಳ ಹೆಚ್ಚಾಗಿ ದೊರೆತರೆ ಸಂದೇಹವಾದಿಗಳು ಉತ್ತರ ಹೇಳಬೇಕಾಗುತ್ತದೆ. ಗಣಕಯಂತ್ರಕ್ಕೆ ಇದು ಭಾರದ ಕೆಲಸವಲ್ಲ. ಆದರೆ ದತ್ತಾಂಶ ಗಣಿಗಾರಿಕೆಯವರ ವಾಡಿಕೆಯಂತೆ, 1995ರಲ್ಲಿ ಅಗ್ರವಾಲ್ ಮತ್ತು ಶ್ರೀಕಾಂತ್ ಹಾಕಿಕೊಟ್ಟ ಮಾರ್ಗದಲ್ಲಿ, ಪದೇಪದೇ ಬರುವ ಅನುಕ್ರಮಗಳನ್ನು ಎಣಿಸಿದರೆ ಮಾತ್ರ ಸಾಲದು. ಹೆಚ್ಚು ಸಲ ಬಂದುದು ನಿರೀಕ್ಷೆಗಿಂತ ಹೆಚ್ಚೆಂದು ಅದರಿಂದ ಸಿದ್ಧವಾಗುವುದಿಲ್ಲ.

ಜೀವಲಿಪಿಯಲ್ಲಿ 64 ತ್ರಿಕ, ಭೂವಲಯದಲ್ಲಿ 64 ವರ್ಣ ಎಂಬ ಸಾಮ್ಯವನ್ನು ಹಿಡಿದು ಸೇತುವೆ ಕಟ್ಟಬಯಸುವವರಿಗೆ ಒಂದು ಮಾತು: ಅಲ್ಲಿನದು ನಾಲ್ಕರ ಘನ, ಇಲ್ಲಿನದು ಜೈನ ವರ್ಣಮಾಲೆಯ ಎಣಿಕೆ. ಕಾಲನಿರ್ಣಯಕ್ಕೂ ಈ ವಿಧಾನ ಸಲ್ಲದು. ಮೊದಲಕ್ಷರಗಳ ಗಾಹೆ ರಚಕನೊಬ್ಬನ ಉದ್ದೇಶವನ್ನು ತೋರಿಸೀತು. ಅವನು ಅಮೋಘವರ್ಷನ ಕಾಲದವನೆಂದು ತೋರಿಸದು. ಅದನ್ನು ಭಾಷೆಯೂ ಛಂದಸ್ಸೂ ಹೇಳಬೇಕು. ಸಾಂಗತ್ಯದ ಕೃತಿಗಳು ಹಿಂದಕ್ಕೆ ಹೋದರೂ ಹದಿಮೂರನೆಯ ಶತಮಾನದ ಶಿಶುಮಾಯಣನವರೆಗೆ ಹೋಗುತ್ತವೆ. ಒಂಬತ್ತನೆಯ ಶತಮಾನವನ್ನು ಹೇಳುವವರು ನಡುವಣ ನಾಲ್ಕು ಶತಮಾನಗಳ ಮೌನಕ್ಕೆ ಕಾರಣವನ್ನು ಇನ್ನೂ ಕೊಡಬೇಕಾಗಿದೆ.