ಒಂದು ಹಾಡಿನಲ್ಲಿ ಮುಗಿಯುವ ಗೇಮೆ

2020ರ ಲಾಕ್‌ಡೌನ್‌ನಲ್ಲಿ ಬೆಂಗಳೂರಿನ ರೂಮು ಖಾಲಿ ಮಾಡಿ ಹೊಸದುರ್ಗದ ಹತ್ತಿರದ ನಮ್ಮೂರಿಗೆ ಬಂದು ಕೂತಿದ್ದೆ. ಹಗಲೆಲ್ಲಾ ಅಟ್ಟದ ಏಣಿ ಪಕ್ಕ ಲ್ಯಾಪ್‌ಟಾಪ್ ಇಟ್ಕೊಂಡು ಕೆಲಸ. ಮನೇಲಿ ನೆಟ್‌ವರ್ಕ್ ಸಿಗ್ತಿದ್ದಿದ್ದು ಅದೊಂದೇ ಜಾಗದಲ್ಲಿ. ಒಂದು ಭಾನುವಾರ ಟಿವಿಯಲ್ಲಿ 'ಬಂಗಾರದ ಮನುಷ್ಯ' ಬಂತು. ಅಪ್ಪ ಈ ಸಿನಿಮಾನ ಎಷ್ಟು ಸಲ ನೋಡಿದ್ದಾರೋ ಅವರಿಗೇ ಲೆಕ್ಕ ಇಲ್ಲ. ರಾಜೀವ ಕಲ್ಲು ಬಂಡೆ ಒಡೆದು ಬಂಜರು ನೆಲ ಹಸನು ಮಾಡೋಕೆ ಹೊರಡ್ತಾನಲ್ಲ, ಆ ಹಾಡು ಬಂತು. ಹಾಡು ಮುಗಿದು ಇನ್ನೊಂದಿಷ್ಟು ಹೊತ್ತಿಗೆಲ್ಲಾ ಹೊಲ ಹಸಿರಾಯ್ತು. ಅಪ್ಪ ಬಾಯಲ್ಲಿದ್ದ ಎಲೆಅಡಿಕೆ ಒಂದು ಕಡೆಗೆ ಸರಿಸಿಕೊಂಡು ಕೇಳಿದ್ರು.

"ಅಲ್ಲಪ್ಪಾ, ಇದು ಎಷ್ಟು ವರ್ಷದ ಗೇಮೆ? ಅಲ್ಲೀಗಂಟ ಆ ಮನೇರು ಉಂಡಿದ್ದೇನು?"

ನಾನು ಕನ್ನಡದಲ್ಲಿ ಸಿನಿಮಾ ವಿಮರ್ಶೆ ಸಾಕಷ್ಟು ಓದಿದ್ದೀನಿ. ಈ ಪ್ರಶ್ನೆ ಎಲ್ಲೂ ನೋಡಿರಲಿಲ್ಲ. ಈ ಬರಹ ಆ ಒಂದು ಪ್ರಶ್ನೆ ಹಿಡ್ಕೊಂಡು ಹೊರಟಿದ್ದು.

'ಬಂಗಾರದ ಮನುಷ್ಯ' ಬಂದಿದ್ದು 1972ರಲ್ಲಿ. ಟಿ.ಕೆ. ರಾಮರಾವ್ ಅವರ ಕಾದಂಬರಿ, ಸಿದ್ದಲಿಂಗಯ್ಯನವರ ನಿರ್ದೇಶನ, ರಾಜ್‌ಕುಮಾರ್. ಬೆಂಗಳೂರಿನ ಸ್ಟೇಟ್ಸ್ ಥಿಯೇಟರ್‌ನಲ್ಲಿ ಎರಡು ವರ್ಷ ಓಡಿತು. ಅದನ್ನ ನೋಡಿ ಪೇಟೆ ಬಿಟ್ಟು ಹಳ್ಳಿಗೆ ಮರಳಿದವರಿದ್ದಾರೆ ಅನ್ನೋ ಮಾತು ಇವತ್ತಿಗೂ ಕೇಳಿಬರುತ್ತೆ. ಈ ಸಿನಿಮಾನ ಸಣ್ಣದು ಮಾಡೋದು ನನ್ನ ಉದ್ದೇಶ ಅಲ್ಲ. ಕೈ ಕೆಸರು ಮಾಡಿಕೊಳ್ಳೋನಿಗೆ ಕನ್ನಡ ಪರದೆ ಮೇಲೆ ಅಷ್ಟು ದೊಡ್ಡ ಮರ್ಯಾದೆ ಸಿಕ್ಕಿದ್ದು ಅಲ್ಲೇ. ಆದರೆ ಸಿಕ್ಕಿದ್ದು ಮರ್ಯಾದೆ ಮಾತ್ರ. ಅವನು ಮಾಡಿದ ಕೆಲಸಕ್ಕೆ ಸಿಕ್ಕಿದ್ದು ಒಂದು ಹಾಡು.

ಸಿನಿಮಾ ಅಂದಮೇಲೆ ಮೂರು ಗಂಟೇಲಿ ಎಲ್ಲಾ ಮುಗೀಬೇಕು, ಹತ್ತು ವರ್ಷದ ಕೆಲಸ ತೋರಿಸೋಕಾಗುತ್ತಾ ಅಂತ ನೀವು ಕೇಳಬಹುದು. ಸರಿ. ಆದರೆ ಅದೇ ಸಿನಿಮಾ ಮನೆಯೊಳಗಿನ ಜಗಳಕ್ಕೆ, ಕಣ್ಣೀರಿಗೆ, ಅಪಾರ್ಥಕ್ಕೆ ಬೇಕಾದಷ್ಟು ಹೊತ್ತು ಕೊಡುತ್ತೆ. ಯಾವುದನ್ನ ನಿಧಾನಕ್ಕೆ ತೋರಿಸಬೇಕು, ಯಾವುದನ್ನ ಹಾಡಿನಲ್ಲಿ ಮುಗಿಸಬೇಕು ಅನ್ನೋದು ಆಯ್ಕೆ. ಸಂಬಂಧ ಮುಖ್ಯ, ಕೆಲಸ ಹಿನ್ನೆಲೆ ಅನ್ನೋದು ಆ ಆಯ್ಕೆ. ಅಲ್ಲಿಂದ ಇಲ್ಲಿವರೆಗೂ ನಮ್ಮ ಸಿನಿಮಾದಲ್ಲಿ ರೈತ ಅಂದ್ರೆ ಒಂದು ಹಾಡು, ಸಾಫ್ಟ್‌ವೇರ್ ಇಂಜಿನಿಯರ್ ಅಂದ್ರೆ ಕೊರಳಲ್ಲಿ ಒಂದು ಐಡಿ ಕಾರ್ಡ್.

ಇನ್ನೊಂದು ವಿಷಯ ನನಗೆ ಆ ಭಾನುವಾರವೇ ಹೊಳೆದಿದ್ದು. ಮಣ್ಣಿಗೆ ಬಂದ ರಾಜೀವ ಅಕ್ಕನ ಮಕ್ಕಳನ್ನ ಏನು ಮಾಡ್ತಾನೆ? ಓದಿಸ್ತಾನೆ. ನೇಗಿಲು ಹಿಡಿದವನ ದುಡಿಮೆ ಹೋಗೋದು ಮುಂದಿನವರು ನೇಗಿಲು ಹಿಡೀದೇ ಇರಲಿ ಅನ್ನೋದಕ್ಕೆ. ಆಮೇಲೆ ಓದಿದವನಿಂದಲೇ ಅವನಿಗೆ ಅವಮಾನ ಆಗುತ್ತೆ, ಅವನು ಮನೆ ಬಿಟ್ಟು ನಡೀತಾನೆ, ನಾವು ಅಳ್ತೀವಿ. ಸಿನಿಮಾ ಬಾಯಲ್ಲಿ ಹೇಳೋದು 'ಮಣ್ಣಿಗೆ ಬನ್ನಿ' ಅಂತ. ಅದರ ಕತೆ ಹೇಳೋದು 'ಮಕ್ಕಳನ್ನ ಮಣ್ಣಿಂದ ದಾಟಿಸಿ' ಅಂತ. ನಮ್ಮ ತಾಲ್ಲೂಕಿನ ಪ್ರತಿ ಅಪ್ಪನೂ ಮಾಡಿದ್ದು ಈ ಎರಡನೇದನ್ನ. ನನ್ನ ಬಿ.ಇ. ಫೀಸು ಬಂದಿದ್ದು ಕೊಬ್ಬರಿಯಿಂದ. ಹಾಗಾಗಿ ಯಾರಾದ್ರೂ ನನಗೆ "ಬಂಗಾರದ ಮನುಷ್ಯ ನೋಡಿಲ್ವೇನಯ್ಯಾ, ಬಾ ಊರಿಗೆ" ಅಂದಾಗ, ನಾನು ಆ ಸಿನಿಮಾದ ರಾಜೀವ ಅಲ್ಲ ಸ್ವಾಮಿ, ಅಕ್ಕನ ಮಗ ಅಂತ ಹೇಳಬೇಕು ಅನ್ಸುತ್ತೆ. ಅವಮಾನ ಮಾಡಿಲ್ಲ ಅನ್ನೋದೊಂದೇ ಸಮಾಧಾನ.

ಈಗ ಕೊಬ್ಬರಿ ವಿಷಯ. ನಮ್ಮ ಕಡೆ ಆಗೋದು ಗಿಟುಕು ಕೊಬ್ಬರಿ. ಬಲಿತ ಕಾಯಿ ಇಳಿಸಿ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡಬೇಕು. ಒಳಗಿನ ನೀರೆಲ್ಲಾ ಇಂಗಿ, ಗಿಟುಕು ಕರಟ ಬಿಟ್ಟು, ಕಿವಿ ಹತ್ತಿರ ಇಟ್ಟು ಅಲ್ಲಾಡಿಸಿದ್ರೆ ಸದ್ದು ಬರಬೇಕು. ಅಲ್ಲೀವರೆಗೂ ಇಲಿ ನೋಡ್ಕೋಬೇಕು, ಸೂರು ಸೋರದಂಗೆ ನೋಡ್ಕೋಬೇಕು. ಆಮೇಲೆ ಸುಲಿದು, ಒಡೆದು, ಚೀಲ ತುಂಬಿ ತಿಪಟೂರಿಗೋ ಅರಸೀಕೆರೆಗೋ ಹಾಕಬೇಕು. ಅಲ್ಲಿ ಆವತ್ತಿನ ಹರಾಜಲ್ಲಿ ಕೂಗಿದ್ದೇ ರೇಟು. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ. ಪೇಟೆ ರೇಟು ಅದಕ್ಕಿಂತ ಎಷ್ಟೋ ಕೆಳಗೆ ಬಿದ್ದಿತ್ತು. ಇನ್ನು ಗಿಡ ಇಟ್ಟ ದಿನದಿಂದ ಲೆಕ್ಕ ಹಾಕಿದ್ರೆ ನಾಟಿ ತೆಂಗು ಫಲಕ್ಕೆ ಬರೋಕೇ ಆರೇಳು ವರ್ಷ. ಇದರಲ್ಲಿ ಕತೆ ಇಲ್ವಾ? ಕಾಯೋದೇ ಅರ್ಧ ಕೆಲಸ ಆಗಿರೋ ಕಸುಬನ್ನ ಹೇಗೆ ಬರೀಬೇಕು ಅನ್ನೋದು ಯಾವ ಕಾದಂಬರಿಕಾರನಿಗಾದ್ರೂ ದೊಡ್ಡ ಸವಾಲು. ನಾವು ಆ ಸವಾಲಿನ ಪಕ್ಕದಲ್ಲೇ ಹಾಡು ಹಾಡ್ಕೊಂಡು ಹೋಗಿಬಿಟ್ವಿ.

ಪುಸ್ತಕದ ಕಡೆ ಬಂದರೆ ಪರಿಸ್ಥಿತಿ ಇಷ್ಟು ಬಡವಾಗಿಲ್ಲ. ಕಾರಂತರ 'ಮರಳಿ ಮಣ್ಣಿಗೆ' ಹೆಸರು ಕೇಳಿದ್ರೆ ಅದೂ ಇದೇ ಜಾತಿಯ ಉಪದೇಶ ಅನ್ಸುತ್ತೆ. ಓದಿದ್ರೆ ಬೇರೆ. ರಾಮ ಐತಾಳರ ಮಗ ಲಚ್ಚ ಇಂಗ್ಲಿಷ್ ಓದಿ ಮನೆ ಮುಳುಗಿಸ್ತಾನೆ. ಮೊಮ್ಮಗ ರಾಮ ಮದ್ರಾಸಿಗೆ ಹೋಗಿ ಬಿ.ಎ. ಮಾಡಿ ಕೆಲಸಕ್ಕೆ ಅಲೆದು ಕೊನೆಗೆ ಊರಿಗೆ ಬರ್ತಾನೆ. ಎಲ್ಲರೂ ಮಾತಾಡೋದು ಈ ಗಂಡಸರ ಬಗ್ಗೆ. ಆದರೆ ಪುಸ್ತಕದಲ್ಲಿ ನಿಜವಾಗಿ ಕೆಲಸ ಮಾಡೋರು ಪಾರೋತಿ, ಸರಸೋತಿ, ಆಮೇಲೆ ನಾಗವೇಣಿ. ಮಳೇಲಿ ಗದ್ದೆ, ಸೌದೆ, ಉಪ್ಪುನೀರಿನ ಪಕ್ಕದ ನೆಲ, ಸೊಂಟ ನೋವು ಎಲ್ಲಾ ಪುಟಗಟ್ಟಲೆ ಬರುತ್ತೆ. ಕಾರಂತರು ಅದನ್ನ ಅವಸರ ಮಾಡಲ್ಲ. 'ಆ ಮನೇರು ಉಂಡಿದ್ದೇನು' ಅನ್ನೋ ನಮ್ಮಪ್ಪನ ಪ್ರಶ್ನೆಗೆ ಆ ಪುಸ್ತಕದಲ್ಲಿ ಉತ್ತರ ಇದೆ. ಹೆಂಗಸರು ದುಡಿದಿದ್ದನ್ನ ಉಂಡರು.

ನನ್ನ ತರದವರ ಕೆಲಸಕ್ಕೆ ಬಂದರೆ, ನಾನು ಮೊದಲ ಸಲ ನನ್ನ ಕೆಲಸವನ್ನ ಕನ್ನಡದಲ್ಲಿ ಓದಿದ್ದು ಸಾಫ್ಟ್‌ವೇರ್ ಇರೋ ಕತೆಯಲ್ಲಿ ಅಲ್ಲ. ವಿವೇಕ ಶಾನಭಾಗರ 'ಘಾಚರ್ ಘೋಚರ್'ನಲ್ಲಿ. ಅದರಲ್ಲಿ ನಿರೂಪಕನ ಅಪ್ಪ ಸೇಲ್ಸ್‌ಮನ್. ದಿನದ ಕೊನೆಗೆ ಮನೆಗೆ ಬಂದು ಲೆಕ್ಕ ಬರೀತಾನೆ. ಲೆಕ್ಕ ತಾಳೆ ಆಗದ ದಿನ ಇಡೀ ಮನೆಗೇ ಸಂಕಟ. ಓದ್ತಾ ನನ್ನ ಕೈ ನಿಂತಿತ್ತು. ಯಾಕಂದ್ರೆ ನಾನು ಹತ್ತು ವರ್ಷದಿಂದ ಮಾಡ್ತಿರೋದು ಅದನ್ನೇ. ಅಂಗಡಿಯವನ ಕಡೆಯ ಲೆಕ್ಕ, ಬ್ಯಾಂಕಿನ ಕಡೆಯ ಲೆಕ್ಕ, ಎರಡನ್ನೂ ರಾತ್ರಿ ಹೊತ್ತು ಹೋಲಿಸಿ ತಾಳೆ ನೋಡೋ ಪ್ರೋಗ್ರಾಮು ಬರೆಯೋದು. ತಾಳೆ ಆಗದಿದ್ರೆ ರಾತ್ರಿ ಎರಡಕ್ಕೆ ಫೋನು ಬರುತ್ತೆ. ಆ ಸೇಲ್ಸ್‌ಮನ್‌ನ ಸಂಕಟ ನನ್ನದೇ.

ಅದೇ ಕತೆಯಲ್ಲಿ ಮುಂದೆ ಚಿಕ್ಕಪ್ಪನ ಮಸಾಲೆ ವ್ಯಾಪಾರ ಬೆಳೆದು ಮನೆಗೆ ದುಡ್ಡು ಬರುತ್ತೆ. ನಿರೂಪಕನಿಗೆ ಕಂಪನೀಲಿ ಹೆಸರಿಗೊಂದು ಹುದ್ದೆ, ತಿಂಗಳಿಗೊಂದು ಸಂಬಳ, ಮಾಡೋಕೆ ಮಾತ್ರ ಕೆಲಸ ಇಲ್ಲ. ಮದುವೆಯಾಗಿ ಬಂದ ಅನಿತಾಗೆ ಇದು ಗೊತ್ತಾದಾಗ ಅವಳು ಸುಮ್ಮನಿರಲ್ಲ. ಸಂಬಳ ಇದ್ದರೆ ಸಾಲದು, ನೀನು ಮಾಡೋದೇನು ಅನ್ನೋದು ಅವಳ ತಕರಾರು. ಸಂಬಳಕ್ಕೂ ಕೆಲಸಕ್ಕೂ ವ್ಯತ್ಯಾಸ ಇದೆ ಅನ್ನೋದನ್ನ ಇಷ್ಟು ಖಡಕ್ಕಾಗಿ ಕೇಳಿದ ಹೆಂಗಸು ನಮ್ಮ ಕತೆಗಳಲ್ಲಿ ಕಡಿಮೆ.

ಅನಿತಾಳ ಪ್ರಶ್ನೆ ನಮ್ಮ ಕಡೆಯ ಮದುವೆ ಮಾತುಕತೆಯಲ್ಲಿ ತಿರುಗಾಮುರುಗಾ ಬರುತ್ತೆ. ನನ್ನ ಚಿಕ್ಕಪ್ಪನ ಮಗ ಡಿಪ್ಲೊಮಾ ಮಾಡಿ ಊರಲ್ಲೇ ಉಳಿದ. ತೆಂಗು, ಅಡಿಕೆ ಎಲ್ಲಾ ಅವನೇ ನೋಡೋದು. ಬೆಳಗ್ಗೆ ಐದಕ್ಕೆ ಎದ್ದರೆ ಕರೆಂಟು ಬರೋ ಟೈಮಿಗೆ ಮೋಟಾರು, ಆಮೇಲೆ ದನ, ಆಮೇಲೆ ತೋಟ. ಹೆಣ್ಣು ನೋಡೋಕೆ ಹೋದಾಗ ನಾನೂ ಹೋಗಿದ್ದೆ. "ಹುಡ್ಗ ಏನ್ ಮಾಡ್ತಾನೆ?" ಅಂದ್ರು. "ತೋಟ ನೋಡ್ಕೊಂತಾನೆ" ಅಂದ್ರು ನಮ್ಮ ದೊಡ್ಡಪ್ಪ. "ಅಂದ್ರೆ, ಏನೂ ಮಾಡಲ್ಲ?" ಅಂತ ಆ ಕಡೆಯವರು ಕೇಳಿದ್ರು. ಕೆಟ್ಟ ಮನಸ್ಸಿಂದ ಕೇಳಿದ್ದಲ್ಲ, ನಿಜವಾಗ್ಲೂ ಗೊತ್ತಾಗದೇ ಕೇಳಿದ್ದು. ತಮ್ಮ ತಲೆ ತಗ್ಗಿಸಿ ಕಾಫಿ ಕುಡಿದ. ಆಮೇಲೆ ನನ್ನ ಕಡೆ ತಿರುಗಿ "ನೀವು ಬೆಂಗಳೂರಲ್ಲಿ ಏನ್ ಮಾಡ್ತೀರಿ?" ಅಂದ್ರು. "ಸಾಫ್ಟ್‌ವೇರ್" ಅಂದೆ. ಅಷ್ಟಕ್ಕೇ ಎಲ್ಲರ ಮುಖದಲ್ಲೂ ಗೌರವ. ಅಲ್ಲಿದ್ದ ಯಾರಿಗೂ ನನ್ನ ಕೆಲಸ ಏನು ಅಂತ ಗೊತ್ತಿರಲಿಲ್ಲ, ತಮ್ಮನದೂ ಗೊತ್ತಿರಲಿಲ್ಲ. ಗೊತ್ತಿದ್ದಿದ್ದು ಒಬ್ಬನಿಗೆ ತಿಂಗಳಿಗೆ ಸಂಬಳ ಬರುತ್ತೆ, ಇನ್ನೊಬ್ಬನಿಗೆ ಬರಲ್ಲ ಅಂತ ಮಾತ್ರ. 2023ರ ಫೆಬ್ರವರಿಯಲ್ಲಿ ಮಂಡ್ಯ ಕಡೆಯ ಮದುವೆಯಾಗದ ರೈತ ಹುಡುಗರು ಹೆಣ್ಣು ಸಿಗಲಿ ಅಂತ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದಾಗ ಎಷ್ಟೋ ಜನ ನಕ್ಕರು. ನನಗೆ ನಗು ಬರಲಿಲ್ಲ.

ಇದಕ್ಕೆ ಕತೆ, ಸಿನಿಮಾ ಕಾರಣ ಅಂತ ನಾನು ಹೇಳ್ತಿಲ್ಲ. ರೇಟು ಕಾರಣ, ಮಳೆ ಕಾರಣ, ಬೋರು ಕಾರಣ. ಆದರೆ ಒಂದು ಕೆಲಸವನ್ನ ಐವತ್ತು ವರ್ಷ ಬರೀ ಹೊಗಳಿದ್ರೆ, ಒಳಗೆ ಏನು ನಡೆಯುತ್ತೆ ಅಂತ ತೋರಿಸದೇ ಇದ್ರೆ, ಕೊನೆಗೆ ಅದು 'ಏನೂ ಮಾಡಲ್ಲ' ಅಂತಲೇ ಕಾಣೋಕೆ ಶುರುವಾಗುತ್ತೆ. 'ಅನ್ನದಾತ' ಅಂತ ಕೈಮುಗಿದವರು ಹೆಣ್ಣು ಕೊಡದೇ ಇರೋದರಲ್ಲಿ ವಿರೋಧ ಏನಿಲ್ಲ. ಕೈ ಮುಗಿಯೋಕೆ ಏನೂ ಗೊತ್ತಿರಬೇಕಾಗಿಲ್ಲ.

ಇದು ಕನ್ನಡಕ್ಕೆ ಬಾರದ ವಿದ್ಯೆ ಅಂತೂ ಅಲ್ಲ. ಸಾಣೇಹಳ್ಳಿ ನಮ್ಮ ತಾಲ್ಲೂಕಿನದೇ. ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳು 1997ರಲ್ಲಿ ಶುರುಮಾಡಿದ ಶಿವಸಂಚಾರ ತಂಡ ವರ್ಷಕ್ಕೆ ಮೂರು ನಾಟಕ ಕಟ್ಟಿಕೊಂಡು ರಾಜ್ಯ ಸುತ್ತುತ್ತೆ. ಹುಡುಗನಾಗಿದ್ದಾಗ ಅಲ್ಲಿನ ಬಯಲು ರಂಗಮಂದಿರದ ಮೆಟ್ಟಿಲ ಮೇಲೆ ಕೂತು ನಾಟಕ ನೋಡಿದ್ದೀನಿ. ಶರಣರ ಹೆಸರುಗಳನ್ನ ನಾನು ಕಲಿತಿದ್ದು ಪಠ್ಯಕ್ಕಿಂತ ಹೆಚ್ಚಾಗಿ ಆ ಮೆಟ್ಟಿಲ ಮೇಲೆ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಆಯ್ದಕ್ಕಿ ಮಾರಯ್ಯ. ಹನ್ನೆರಡನೇ ಶತಮಾನದ ಕವಿಗಳ ಹೆಸರಲ್ಲೇ ಅವರ ಕೆಲಸ ಇದೆ. ಬಟ್ಟೆ ಒಗೆಯೋನು, ದೋಣಿ ನಡೆಸೋನು, ಹಗ್ಗ ಹೊಸೆಯೋನು, ಚೆಲ್ಲಿದ ಅಕ್ಕಿ ಆಯೋನು. ಮಾರಯ್ಯ ಒಂದು ದಿನ ಹೆಚ್ಚಿಗೆ ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ವಾಪಸ್ ಸುರಿದು ಬಾ ಅಂತ ಕಳಿಸಿದ ಕತೆ ಎಲ್ಲರಿಗೂ ಗೊತ್ತು. ಅನಿತಾಳ ಅಜ್ಜಿ ಅವಳು. ಕಸುಬನ್ನ ಜಾತಿಯ ಗೂಟಕ್ಕೆ ಕಟ್ಟಿದ್ದ ಕಾಲದಲ್ಲಿ ಅವರು ಅದನ್ನ ಬಿಚ್ಚಿ ಕಾಯಕ ಅಂದರು. ನಾವು ಈಗ ಅದೇ ಪದವನ್ನ ಸರ್ಕಾರಿ ಆಫೀಸಿನ ಗೋಡೆ ಮೇಲೆ ಬರೆಸಿ ಇಟ್ಟಿದ್ದೀವಿ.

ಕೆಲಸವನ್ನ ಬರೆದಿಡದಿದ್ರೆ ಏನಾಗುತ್ತೆ ಅನ್ನೋದಕ್ಕೂ ನಮ್ಮ ತಾಲ್ಲೂಕಲ್ಲೇ ಸಾಕ್ಷಿ ಇದೆ. ಮತ್ತೋಡಿನಲ್ಲಿ ಹಿಂದೆ ಗಾಜಿನ ಬಳೆ ಮಾಡ್ತಿದ್ರು. ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ, ಐದು ಬಣ್ಣ. ಇದು ನನಗೆ ಗೊತ್ತಾಗಿದ್ದು ಊರಿನ ಯಾರಿಂದಲೋ ಅಲ್ಲ. ಟಿಪ್ಪು ಸತ್ತಮೇಲೆ 1800–01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಅನ್ನೋ ಕಂಪನಿ ಸರ್ಕಾರದ ಡಾಕ್ಟರು ಆ ಗಾಜಿನ ಕೆಲಸದ ಬಗ್ಗೆ ಬರೆದಿದ್ದಾನೆ, ಆಮೇಲೆ ಗೆಜೆಟಿಯರ್‌ನಲ್ಲೂ ಬಂತು. ಅವನು ಬಂದಿದ್ದು ಪ್ರೀತಿಯಿಂದ ಏನಲ್ಲ, ಗೆದ್ದ ನೆಲದಲ್ಲಿ ಏನೇನು ಸಿಗುತ್ತೆ ಅಂತ ಲೆಕ್ಕ ಹಾಕೋಕೆ. ಆದರೂ ಕುಲುಮೆ ಮುಂದೆ ನಿಂತು ಕೇಳಿದ, ಬರೆದ. ಆ ಬಳೆ ತೊಟ್ಟವರ ಸೌಂದರ್ಯದ ಮೇಲೆ ನಮ್ಮಲ್ಲಿ ಬೇಕಾದಷ್ಟು ಪದ ಇವೆ. ಬಳೆ ಮಾಡೋದು ಹೇಗೆ ಅಂತ ಹೇಳೋಕೆ ಹೊರಗಿನವನು ಬರಬೇಕಾಯ್ತು.

ನನ್ನ ತಕರಾರು ಬೇರೆಯವರ ಮೇಲೆ ಮಾತ್ರ ಅಲ್ಲ. ವಸುಧೇಂದ್ರ ತರದವರು ಸಾಫ್ಟ್‌ವೇರ್‌ನಲ್ಲಿದ್ದುಕೊಂಡೇ ಬರೆದರು, ದಾರಿ ಮಾಡಿದರು. ಅವರ ಹಿಂದೆ ಬಂದ ನಮ್ಮಂಥ ಸಾವಿರಾರು ಜನ ಬರೆಯೋದು ಏನನ್ನ? ಊರಿನ ನೆನಪು, ಅಮ್ಮನ ರೊಟ್ಟಿ, ಬಿಟ್ಟು ಬಂದ ಪಾಪಪ್ರಜ್ಞೆ. ನಾನೂ ಬರೆದಿದ್ದೀನಿ, ಲೈಕೂ ಸಿಕ್ಕಿದೆ. ಹಗಲೆಲ್ಲಾ ಒಂಬತ್ತು ಗಂಟೆ ಮಾಡೋ ಕೆಲಸದ ಬಗ್ಗೆ ಒಂದು ಪ್ಯಾರಾ ಬರೆದಿಲ್ಲ. ಅದು ಕತೆಗೆ ಲಾಯಕ್ಕಲ್ಲ ಅಂತ ಯಾರು ಹೇಳಿದ್ರು ನಮಗೆ?

ಆವತ್ತು ಸಿನಿಮಾ ಮುಗಿದಮೇಲೆ ಅಮ್ಮ ಕೇಳಿದ್ಲು, "ನೀನಾದ್ರೂ ಅಟ್ಟದ ಕೆಳಗೆ ಕೂತ್ಕೊಂಡು ದಿನಾ ಏನ್ ಮಾಡ್ತೀಯಪ್ಪಾ?" ಹತ್ತು ವರ್ಷದಲ್ಲಿ ಮೊದಲ ಸಲ ಕೇಳಿದ್ದು. ಅವಳ ಸ್ತ್ರೀಶಕ್ತಿ ಸಂಘದ ಪುಸ್ತಕ ತಗೊಂಡು, ಸಂಘದ ಲೆಕ್ಕವನ್ನೂ ಬ್ಯಾಂಕ್ ಪಾಸ್‌ಬುಕ್ಕನ್ನೂ ಅಕ್ಕಪಕ್ಕ ಇಟ್ಟು ತೋರಿಸಿದೆ. ಎರಡೂ ಒಂದೇ ಬರಬೇಕು, ಬರದಿದ್ರೆ ಎಲ್ಲಿ ತಪ್ಪಿದೆ ಅಂತ ಹುಡುಕಬೇಕು, ಅದನ್ನ ಲಕ್ಷಗಟ್ಟಲೆ ಜನರ ಲೆಕ್ಕಕ್ಕೆ ಒಂದೇ ರಾತ್ರಿ ಮಾಡೋದು. ಅಮ್ಮ ಸ್ವಲ್ಪ ಹೊತ್ತು ನೋಡಿ, "ಹಂಗಾದ್ರೆ ನಮ್ ಸಂಘದ ಕಾರ್ಯದರ್ಶಿ ಕೆಲ್ಸ" ಅಂದ್ಲು. ಹೌದು ಅಂದೆ. ಪಕ್ಕದಲ್ಲಿ ಅಪ್ಪ ಅಟ್ಟದಿಂದ ಒಂದು ಕಾಯಿ ಇಳಿಸಿ ಕಿವಿ ಹತ್ತಿರ ಅಲ್ಲಾಡಿಸಿದ್ರು. "ಇನ್ನೊಂದ್ ತಿಂಗಳು ಬೇಕು" ಅಂತ ವಾಪಸ್ ಇಟ್ರು.

ಇನ್ನು ಮೇಲೆ ಯಾರಾದ್ರೂ ಮದುವೆ ಮನೇಲಿ ಸಿಕ್ಕಿದ್ರೆ "ಏನ್ ಓದಿದೀಯಾ, ಎಷ್ಟು ಬರುತ್ತೆ" ಅಂತ ಕೇಳೋ ಬದಲು "ಬೆಳಗ್ಗೆಯಿಂದ ಸಂಜೆವರೆಗೆ ಏನೇನು ಮಾಡ್ತೀಯಾ" ಅಂತ ಕೇಳಿ ನೋಡಿ. ಬರೆಯೋರು ಅದನ್ನ ಬರೀರಿ. ಹಾಡು ಆಮೇಲೆ ಹಾಕ್ಕೊಳ್ಳೋಣ.