ಯಂತ್ರಭೇದವೂ ರೋಗಭೇದವೂ

ಹಲವು ಕೇಂದ್ರಗಳ ಎಂ.ಆರ್.ಐ. ಅಳತೆಗಳನ್ನು ಕೂಡಿಸುವವರು ಇಂದು ಬಹುಮಟ್ಟಿಗೆ ‘ಕಾಂಬ್ಯಾಟ್’ ವಿಧಾನವನ್ನು ಆಶ್ರಯಿಸುತ್ತಾರೆ. 2007ರಲ್ಲಿ ಜೀನ್ ಅಭಿವ್ಯಕ್ತಿಯ ಅಳತೆಗಳಿಗಾಗಿ ಹುಟ್ಟಿದ ಈ ಗಣಿತವನ್ನು ಫೋರ್ಟಿನ್ ಮತ್ತು ಸಂಗಡಿಗರು 2017ರಲ್ಲಿ ಮಿದುಳಿನ ಚಿತ್ರಗಳಿಗೆ ಅನ್ವಯಿಸಿದರು. ಪ್ರತಿಯೊಂದು ಯಂತ್ರದ ಸರಾಸರಿಯ ಓಲುವೆಯನ್ನೂ ಹರವಿನ ವ್ಯತ್ಯಾಸವನ್ನೂ ಅಂದಾಜುಮಾಡಿ ಅದು ನೀಗಿಸುತ್ತದೆ. ಎಲ್ಲ ಅಳತೆಗಳ ಸಾಕ್ಷ್ಯವನ್ನು ಒಟ್ಟಿಗೆ ಬಳಸುವುದರಿಂದ ಸಣ್ಣ ಕೇಂದ್ರಗಳಿಗೂ ಒದಗುತ್ತದೆ. ಇದು ಶ್ಲಾಘ್ಯವೇ. ಆದರೆ ಒಂದು ಕೇಂದ್ರದಲ್ಲಿ ರೋಗಿಗಳೇ, ಇನ್ನೊಂದರಲ್ಲಿ ನಿರೋಗಿಗಳೇ ಇದ್ದರೆ ನೀಗಿದುದು ಯಂತ್ರದ ದೋಷವೋ ರೋಗದ ಗುರುತೋ? ರೋಗಸ್ಥಿತಿಯನ್ನೂ ಸಮೀಕರಣದಲ್ಲಿ ಸೇರಿಸಿದರಾಯಿತೆಂಬ ವಾದ ಇಲ್ಲಿ ನಿಲ್ಲದು. ಎರಡೂ ಹೆಣೆದುಕೊಂಡಿರುವಾಗ ಲೆಕ್ಕವು ಯಾವುದನ್ನು ಬಿಡಿಸೀತು? ಜಪಾನಿನ ಯಾಮಾಶಿತ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಮಾರ್ಗ ದುಬಾರಿಯಾದರೂ ನೇರವಾದುದು: ಅದೇ 9 ಮಂದಿ ಆರೋಗ್ಯವಂತರನ್ನು 12 ಕೇಂದ್ರಗಳಲ್ಲಿಯೂ ಅಳೆದು, ಅಳತೆಯ ಭೇದವನ್ನು ಜನರ ಆಯ್ಕೆಯ ಭೇದದಿಂದ ಬೇರ್ಪಡಿಸಿದರು. ಅಷ್ಟು ಸಾಧ್ಯವಿಲ್ಲದವರು ಪ್ರತಿ ಕೇಂದ್ರದ ರೋಗಿಗಳ ಸಂಖ್ಯೆಯನ್ನಾದರೂ ಪ್ರಬಂಧದ ಮೊದಲಲ್ಲೇ ಕೊಡತಕ್ಕದ್ದು.