ಭತ್ತದೊಳಗಿನ ಕಣಜ

ಮಳೆ ಹಿಡಿಯುವ ಹೊತ್ತಿಗೆ ಸೊರಬದ ಕಡೆ ಬೀಜದ ಭತ್ತ ನೆನೆಹಾಕುತ್ತಾರೆ. ಗೋಣಿಚೀಲದಲ್ಲಿ ಬೆಚ್ಚಗಿಟ್ಟ ಕಾಳು ಎರಡು ಮೂರು ದಿನಕ್ಕೆ ಬೆಳ್ಳಗೆ ಮೊಳೆಯುತ್ತದೆ. ಆ ಬೇರಿನ ತುದಿ ಕಂಡಾಗಲೆಲ್ಲ ನನಗೆ ಅದರ ಜೀವಕೋಶಗಳ ಕೋಶಕೇಂದ್ರದ್ದೇ ಧ್ಯಾನ.

ಮಿಲಿಮೀಟರಿನ ನೂರನೇ ಒಂದು ಪಾಲಿನಷ್ಟೂ ಅಗಲವಿಲ್ಲದ ಗುಂಡು ಅದು. ಒಳಗೆ 24 ವರ್ಣತಂತುಗಳು. 12 ತಾಯಿಯ ಕಡೆಯವು, 12 ತಂದೆಯ ಕಡೆಯವು. ಅವುಗಳ ಡಿಎನ್‌ಎ ಎಳೆಗಳನ್ನೆಲ್ಲ ಬಿಚ್ಚಿ ಒಂದಕ್ಕೊಂದು ಜೋಡಿಸಿದರೆ ಗೇಣಿಗೂ ತುಸು ಹೆಚ್ಚೇ ಉದ್ದವಾದೀತು. ಅಷ್ಟುದ್ದದ ದಾರ ಸಿಕ್ಕಾಗದೆ ಅಲ್ಲಿ ಕೂರುವುದು ಹಿಸ್ಟೋನ್ ಎಂಬ ಪ್ರೋಟೀನಿನ ಉಂಡೆಗಳಿಗೆ ಸುತ್ತಿಕೊಂಡು. ಇಷ್ಟು ಅಚ್ಚುಕಟ್ಟಾದ ಕಣಜವನ್ನು ನಾನು ಬೇರೆಲ್ಲೂ ಕಾಣೆ. ಗೋಡೆಗೆ ಎರಡು ಪೊರೆ, ಪೊರೆಯಲ್ಲಿ ಕಿಂಡಿಗಳು. ಮೂಲಪ್ರತಿ ಒಳಗೇ ಉಳಿಯುತ್ತದೆ, ಆರ್‌ಎನ್‌ಎ ನಕಲು ಮಾತ್ರ ಆಚೆ ಹೋಗುತ್ತದೆ.

ನಾವು ಉಣ್ಣುವ ಅಕ್ಕಿಯ ಭಾಗದಲ್ಲಿ ಲೆಕ್ಕ ಬೇರೆ: ತಾಯಿಯಿಂದ ಎರಡು ಪಾಲು, ತಂದೆಯಿಂದ ಒಂದು, ಒಟ್ಟು 36 ವರ್ಣತಂತುಗಳು. ಭತ್ತದ ಡಿಎನ್‌ಎಯಲ್ಲಿರುವ ಬರಹವನ್ನು ಭಾರತವೂ ಸೇರಿದಂತೆ ಹಲವು ದೇಶಗಳ ವಿಜ್ಞಾನಿಗಳು ಕೂಡಿ ಓದಿ, 2005ರಲ್ಲಿ ಪ್ರಕಟಿಸಿದರು.

ಸಸಿಮಡಿಗೆ ಚೆಲ್ಲುವ ಹೊತ್ತಿಗಾಗಲೇ ಬೇರಿನ ತುದಿಯ ಕೋಶಗಳು ಆ 24ನ್ನೂ ನಕಲಿಸಿ, ಹೊಸ ಕೋಶಗಳಿಗೆ ಪೂರ್ತಿ ಹಂಚತೊಡಗಿರುತ್ತವೆ.